ಪಿಜ್ಜಾ ಅಂಗಡಿಯಲ್ಲಿ ಕೂತ ಅವ್ವ, ಮುದ್ದೆ ಹೋಟೆಲಿನಲ್ಲಿ ಯಾಕೆ ಕೂರಲಿಲ್ಲ?

ನಮ್ಮ ಬ್ಯಾಚಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿದ್ದೆ. "ನಿಮ್ಮ ಕಡೆ ಒಳ್ಳೆ ಪಿಜ್ಜಾ ಅಂಗಡಿ ಯಾವುದು? ಯಾಕೆ ಇಷ್ಟ?" ಅಂತ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ನಾಲ್ಕೂ ತಾಲ್ಲೂಕಿನವರು ಆ ಗುಂಪಿನಲ್ಲಿದ್ದಾರೆ. ಚೀಸು, ಪನ್ನೀರು, ಆಫರು ಅಂತ ಉತ್ತರ ಬರುತ್ತೆ ಅಂದುಕೊಂಡಿದ್ದೆ.

ಬಂದ ಉತ್ತರ ನೋಡಿ.

ನಾಗಮಂಗಲದ ಗೆಳತಿ: "ಬಸ್ ಬರೋ ತನಕ ಕೂತಿರಬಹುದು. ಯಾರೂ ಎದ್ದೇಳಿ ಅನ್ನಲ್ಲ."

ಶ್ರೀರಂಗಪಟ್ಟಣದ ಇನ್ನೊಬ್ಬಳು: "ಟಾಯ್ಲೆಟ್ ಕ್ಲೀನಾಗಿದೆ ಕಣೋ. ಅಷ್ಟೇ ಸಾಕು."

ಪಾಂಡವಪುರದ ಗೆಳೆಯ: "ಅಲ್ಲಿ ನೀನು ಯಾರ ಮಗ, ಯಾವ ಜನ ಅಂತ ಯಾರೂ ಕೇಳಲ್ಲ."

ಕೆ.ಆರ್. ಪೇಟೆಯವನು: "ಅಕ್ಕನ ಮಕ್ಕಳನ್ನ ಕರ್ಕೊಂಡು ಹೋಗಬಹುದು. ಬರ್ತ್‌ಡೇ ಮಾಡಬಹುದು."

ರುಚಿಯ ಮಾತು ಆಡಿದವನು ಒಬ್ಬನೇ. ಅವನೂ "ಪರವಾಗಿಲ್ಲ" ಅಂದ, ಅಷ್ಟೆ.

ಅಂದರೆ ನಮ್ಮ ತಾಲ್ಲೂಕುಗಳಲ್ಲಿ ಪಿಜ್ಜಾ ಅಂಗಡಿ ಗೆದ್ದಿರುವುದು ಪಿಜ್ಜಾದಿಂದಲ್ಲ, ಕುರ್ಚಿಯಿಂದ. ನಮ್ಮ ಮುದ್ದೆ ಹೋಟೆಲು, ಮಿಲ್ಟ್ರಿ ಹೋಟೆಲು, ಮೆಸ್ಸುಗಳ ಅಡುಗೆಗೆ ಯಾವ ಪಿಜ್ಜಾವೂ ಸಮ ಇಲ್ಲ. ಆದರೆ ಅಲ್ಲಿ ಎಲ್ಲರಿಗೂ ಕೂರಲು ಆಗುತ್ತಾ? ನಾನು ಇಲ್ಲಿ ಮಾತಾಡಬೇಕು ಅಂದುಕೊಂಡಿರುವುದು ಇದನ್ನೇ. ಅಂಗಡಿಗಳ ಹೆಸರು ಬರೆಯುವುದಿಲ್ಲ. ಹೊಗಳಿದರೆ ಜಾಹೀರಾತು ಅಂತೀರಿ, ತೆಗಳಿದರೆ ಜಗಳ.

ಅವ್ವನ ಅರ್ಧ ತುಂಡು

ಒಂದು ದಿನ ಅವ್ವನನ್ನು ಕೆ.ಆರ್. ಪೇಟೆಗೆ ಕಣ್ಣು ತೋರಿಸಲು ಕರೆದುಕೊಂಡು ಹೋಗಿದ್ದೆ. ಬೆಳಗ್ಗೆ ಕಾಫಿ ಕುಡಿದು ಹೊರಟವಳು. ಡಾಕ್ಟರ ಹತ್ತಿರ ಕೆಲಸ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಎರಡು ದಾಟಿತ್ತು. ಹತ್ತಿರದಲ್ಲೇ ಒಂದು ಮುದ್ದೆ ಹೋಟೆಲ್. ಬಿಸಿ ಮುದ್ದೆ, ಕಾಳು ಸಾರಿನ ವಾಸನೆ ರಸ್ತೆಗೇ ಬರುತ್ತಿತ್ತು.

ಅವ್ವ ಬಾಗಿಲವರೆಗೂ ಬಂದಳು. ಒಳಗೆ ಬಗ್ಗಿ ನೋಡಿದಳು. ಇದ್ದವರೆಲ್ಲ ಗಂಡಸರು. ಒಂದೇ ಉದ್ದ ಬೆಂಚು, ಎದುರಿಗೆ ಎದುರು ಕೂತು ತಿನ್ನಬೇಕು. ಹಿಂದೆ ಕುರ್ಚಿ ಹಿಡಿದುಕೊಂಡು ಇನ್ನಿಬ್ಬರು ಕಾಯುತ್ತಿದ್ದರು. ಕೈ ತೊಳೆಯುವ ಜಾಗದಲ್ಲೇ ಒಬ್ಬ ಬಾಯಿ ಮುಕ್ಕಳಿಸಿ ಉಗಿಯುತ್ತಿದ್ದ.

"ನೀನು ಉಂಡ್ಕೊಂಡು ಬಾ ಮಗ. ನಾನು ಮನೇಲಿ ಉಣ್ತೀನಿ" ಅಂದಳು.

ಮನೆ ತಲುಪುವುದು ಸಂಜೆ ಐದಕ್ಕೆ. ಅದು ಅವಳಿಗೂ ಗೊತ್ತು.

ಅವಳನ್ನು ಬಿಟ್ಟು ನಾನು ಹೇಗೆ ಉಣ್ಣಲಿ? ಎದುರಿಗೆ ಮಹಡಿ ಮೇಲೆ ಒಂದು ಪಿಜ್ಜಾ ಅಂಗಡಿ ಇತ್ತು. ಬಲವಂತ ಮಾಡಿ ಕರೆದುಕೊಂಡು ಹೋದೆ. ನಾಲ್ಕು ಮೇಜು, ಒಂದು ಫ್ಯಾನು. ಒಂದು ಮೂಲೆಯಲ್ಲಿ ಕಾಲೇಜು ಹುಡುಗಿಯರು ನೋಟ್ಸ್ ಹರಡಿಕೊಂಡು ಕೂತಿದ್ದರು. ಅವ್ವ ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದು, ಫ್ಯಾನ್ ಕೆಳಗೆ ಕೂತು, ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಬೆಳಗ್ಗಿನಿಂದ ಅವಳು ಬಾತ್‌ರೂಮಿಗೆ ಹೋಗಿದ್ದು ಅದೇ ಮೊದಲು ಅನ್ನುವುದು ನನಗೆ ಆಗ ಹೊಳೆಯಿತು.

ಪಿಜ್ಜಾ ಬಂತು. "ರೊಟ್ಟಿ ಮೇಲೆ ಪಲ್ಯ ಸುರಿದವ್ರೆ" ಅಂದಳು. ಅರ್ಧ ತುಂಡು ತಿಂದಳು, ಉಳಿದದ್ದು ನನಗೆ ತಳ್ಳಿದಳು. ಒಂದು ಲೈಮ್ ಸೋಡಾ ಕುಡಿದಳು. ಮೆಟ್ಟಿಲು ಇಳಿಯುವಾಗ ಹೇಳಿದ ಮಾತು ಇದು: "ಊಟ ಏನೂ ಇಲ್ಲ ಕಣ್ಲಾ. ಜಾಗ ಚೆನ್ನಾಗೈತೆ. ಇನ್ನೊಂದ್ಸಾರಿ ಬಂದಾಗ್ಲೂ ಇಲ್ಲಿಗೇ ಬರಾನ."

ಅಂಗಡಿಯ ಹುಡುಗ ಮುಂಬೈನ ಹೋಟೆಲಿನಲ್ಲಿ ದುಡಿದು ಬಂದವನು. ಕೆ.ಆರ್. ಪೇಟೆ, ನಾಗಮಂಗಲದ ಎಷ್ಟೋ ಮನೆಗಳವರು ಮುಂಬೈಗೆ ದುಡಿಯಲು ಹೋಗುವುದು, 2020ರ ಲಾಕ್‌ಡೌನಿನಲ್ಲಿ ಅವರೆಲ್ಲ ಗುಂಪು ಗುಂಪಾಗಿ ವಾಪಸ್ ಬಂದು ಕ್ವಾರಂಟೈನ್ ಆಗಿದ್ದು ನಿಮಗೆ ನೆನಪಿರಬೇಕು. ಅವನನ್ನು ಕೇಳಿದೆ, ಅಲ್ಲಿ ಏನು ಕಲಿತೆ ಅಂತ. "ಅಡುಗೆ ಯಾರು ಬೇಕಾದ್ರೂ ಕಲೀಬಹುದು ಅಣ್ಣ. ಹೆಂಗಸರು ಬಂದು ಕೂರೋ ಹಂಗೆ ಇದ್ರೆ ಮನೆಮಂದಿಯೆಲ್ಲ ಬತ್ತಾರೆ. ಅದು ಕಲ್ತೆ" ಅಂದ.

ನಮ್ಮ ಹೋಟೆಲಿನವರು ಈ ಹುಡುಗನ ಮಾತನ್ನು ಸ್ವಲ್ಪ ಕಿವಿಗೆ ಹಾಕಿಕೊಳ್ಳಬೇಕು.

ಕೆಎಫ್‌ಸಿ ಒಡೆದ ಚಳವಳಿಯ ಊರಲ್ಲಿ ಪಿಜ್ಜಾ

"ರೈತ ಸಂಘದ ನೆಲದಲ್ಲಿ ನಿಂತು ಪಿಜ್ಜಾ ಹೊಗಳುತ್ತೀಯಾ?" ಅಂತ ಪಾಂಡವಪುರದ ಕಡೆಯ ಹಿರಿಯರು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ.

1995ರಲ್ಲಿ ಕೆಎಫ್‌ಸಿ ಬೆಂಗಳೂರಿನಲ್ಲಿ ಅಂಗಡಿ ತೆರೆಯಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘ ಅದನ್ನು ವಿರೋಧಿಸಿತು. 1996ರ ಜನವರಿಯಲ್ಲಿ ಹಸಿರು ಶಾಲಿನವರು ಆ ಅಂಗಡಿಗೆ ನುಗ್ಗಿ ಒಡೆದು ಹಾಕಿದ್ದು ದೇಶ ವಿದೇಶದ ಪೇಪರುಗಳಲ್ಲಿ ಬಂತು. ಅದೇ ತಿಂಗಳು ದೆಹಲಿಯಲ್ಲಿ ಡಾಮಿನೋಸ್ ಭಾರತದ ತನ್ನ ಮೊದಲ ಅಂಗಡಿ ತೆರೆಯಿತು. ಜೂನ್‌ನಲ್ಲಿ ಪಿಜ್ಜಾ ಹಟ್ ಬೆಂಗಳೂರಿಗೇ ಬಂತು. ಆ ಕಾಲದ ರೈತ ಸಂಘಕ್ಕೆ ಪಾಂಡವಪುರ ಎಷ್ಟು ಗಟ್ಟಿ ನೆಲ ಅನ್ನುವುದಕ್ಕೆ ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯನವರ ಹೆಸರೊಂದೇ ಸಾಕು.

ಒಡೆಯುವುದು ಸರಿಯೇ ತಪ್ಪೇ ಅನ್ನುವುದು ಬೇರೆ ಚರ್ಚೆ. ಆದರೆ ಅಂದು ಅವರು ಕೇಳಿದ ಪ್ರಶ್ನೆ ಇಂದಿಗೂ ಜೀವಂತ: ತಟ್ಟೆಯಲ್ಲಿರುವುದು ಯಾರು ಬೆಳೆದದ್ದು, ಲಾಭ ಯಾರಿಗೆ?

ಈ ಪ್ರಶ್ನೆಯನ್ನು ನಮ್ಮ ತಾಲ್ಲೂಕಿನ ಪಿಜ್ಜಾಕ್ಕೂ ಹಾಕೋಣ. ನಾನು ನೋಡಿದ ಸಣ್ಣ ಅಂಗಡಿಗಳೆಲ್ಲ ವಿದೇಶಿ ಕಂಪನಿಯವಲ್ಲ. ನಮ್ಮದೇ ಊರಿನ ಹುಡುಗರವು. ಒಂದು ಕರೆಂಟ್ ಓವನ್, ಪ್ಯಾಕೆಟ್‌ನಲ್ಲಿ ಬರುವ ಅರ್ಧ ಬೆಂದ ಬೇಸ್, ಸಾಸು, ಈರುಳ್ಳಿ, ದಪ್ಪ ಮೆಣಸಿನಕಾಯಿ, ಜೋಳದ ಕಾಳು, ಮೇಲೆ ಚೀಸು. ಇದಕ್ಕೂ ಮುಂಚೆ ನಮ್ಮ ಕಡೆ ಪಿಜ್ಜಾ ಅಂದರೆ ಬೇಕರಿ ಗಾಜಿನೊಳಗೆ ಪಪ್ಸ್, ಖಾರಾ ಬನ್ನಿನ ಪಕ್ಕ ಕೂತಿರುತ್ತಿದ್ದ ಬನ್ನಿನಂಥ ಪಿಜ್ಜಾ. ಬೇಕರಿಯವನು ಅದನ್ನು ಬಿಸಿ ಮಾಡಿ ಪೇಪರಿನಲ್ಲಿ ಕೊಡುತ್ತಿದ್ದ, ನಿಂತು ತಿಂದು ಹೋಗುತ್ತಿದ್ದೆವು.

ಪಿಜ್ಜಾದ ತವರು ಇಟಲಿಯ ನೇಪಲ್ಸ್. ಅಲ್ಲಿ ಅದು ಹುಟ್ಟಿದ್ದು ಬಡವರು ಬೀದಿಯಲ್ಲಿ ತಿನ್ನುವ ಊಟವಾಗಿ. ಇಂದಿಗೂ ಅಲ್ಲಿ ಹಿಟ್ಟು ಕಲಸಿ, ಹುದುಗು ಬರಿಸಿ, ಕೈಯಲ್ಲೇ ತಟ್ಟಿ, ಕೆಂಡದಂತೆ ಕಾದ ಸೌದೆ ಒಲೆಗೆ ಹಾಕಿ ಒಂದೂವರೆ ನಿಮಿಷದೊಳಗೆ ತೆಗೆಯುತ್ತಾರೆ. ಹಾಗೆ ಪಿಜ್ಜಾ ಮಾಡುವವರ ಕಸುಬನ್ನು ಯುನೆಸ್ಕೋ 2017ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ರೊಟ್ಟಿ ತಟ್ಟುವ ನಮ್ಮ ಹೆಂಗಸರಿಗೆ ಆ ಕೈಚಳಕ ಅರ್ಥವಾಗುತ್ತೆ. ಹೊರಗಿನ ತಿಂಡಿ ಅಂತ ಪಿಜ್ಜಾವನ್ನು ದೂರ ಇಡುವುದಾದರೆ ಟೊಮೆಟೊ, ಮೆಣಸಿನಕಾಯಿಯನ್ನೂ ದೂರ ಇಡಬೇಕಾಗುತ್ತೆ. ಅವೂ ಅಮೆರಿಕ ಖಂಡದಿಂದ ಬಂದವೇ. ಆಮೇಲೆ ಸಾರು ಮಾಡುವುದು ಹೇಗೆ?

ಹಾಗಾಗಿ ಹೊರಗಿನದು ಅನ್ನುವುದಷ್ಟೇ ತಪ್ಪಲ್ಲ. ಕೇಳಬೇಕಾದ್ದು ಚೀಸಿನ ಬಗ್ಗೆ. ಒಂದು ಕಿಲೋ ಚೀಸಿಗೆ ಹೆಚ್ಚು ಕಡಿಮೆ ಹತ್ತು ಲೀಟರ್ ಹಸುವಿನ ಹಾಲು ಬೇಕು. ನಮ್ಮ ಊರೂರಿನ ಡೇರಿಯಿಂದ ಗೆಜ್ಜಲಗೆರೆಯ ಮನ್‌ಮುಲ್‌ಗೆ ದಿನಾ ಹಾಲು ಹೋಗುತ್ತದೆ. ನಂದಿನಿ ಹೆಸರಿನಲ್ಲೇ ಚೀಸು ಸಿಗುತ್ತದೆ. ಆದರೆ ಮಾರುಕಟ್ಟೆಯಲ್ಲಿ ಹಾಲಿನ ಕೊಬ್ಬಿನ ಬದಲು ಗಿಡದ ಎಣ್ಣೆ ಹಾಕಿ ಮಾಡಿದ, ಚೀಸಿನ ಹಾಗೇ ಕಾಣುವ ಅಗ್ಗದ ಮಾಲೂ ಇದೆ. ಅದನ್ನು ಅನಲಾಗ್ ಅನ್ನುತ್ತಾರೆ, ಪ್ಯಾಕೆಟ್ ಮೇಲೆ ಹಾಗಂತ ಬರೆದಿರಬೇಕು. ಹಾಲು ಹಾಕುವವರ ಮಕ್ಕಳೇ ಎಣ್ಣೆ ಚೀಸು ತಿಂದು ಬಂದರೆ ಹೇಗೆ? ಅಂಗಡಿಯಲ್ಲಿ ಸಂಕೋಚ ಇಲ್ಲದೆ ಕೇಳಿ: "ಚೀಸು ಯಾವುದಣ್ಣ, ಪ್ಯಾಕೆಟ್ ತೋರಿಸಿ." ಒಳ್ಳೆಯ ಅಂಗಡಿಯವನು ತೋರಿಸುತ್ತಾನೆ.

"ಯಾವ ಜನ?" ಅಂತ ಕೇಳದ ಜಾಗ

ಈಗ ಪಾಂಡವಪುರದ ಗೆಳೆಯನ ಮಾತಿಗೆ ಬರೋಣ. "ಅಲ್ಲಿ ಯಾವ ಜನ ಅಂತ ಯಾರೂ ಕೇಳಲ್ಲ."

ಅವನು ದಲಿತ ಕೇರಿಯ ಹುಡುಗ. ಅವನ ತಾತನ ಕಾಲದಲ್ಲಿ ಅವರೂರಿನ ಟೀ ಹೋಟೆಲಿನ ಹೊರಗೆ ಬೇರೆ ಲೋಟ ಇಡುತ್ತಿದ್ದರಂತೆ. ಕುಡಿದು, ತಾವೇ ತೊಳೆದು, ಅಲ್ಲೇ ಮಗುಚಿ ಇಡಬೇಕಿತ್ತು. ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಇದು ನಡೆದದ್ದೇ. ನಾವು ಕೇಳಿಲ್ಲ ಅಂದರೆ, ನಮ್ಮ ಬೀದಿಯಲ್ಲಿ ಆ ಮಾತು ಆಡುತ್ತಿರಲಿಲ್ಲ ಅಂತ ಅರ್ಥ, ಅಷ್ಟೇ.

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೇ ವಿಧಿಯನ್ನು ಓದಿ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಇಲ್ಲಿಗೆಲ್ಲ ಹೋಗುವುದಕ್ಕೆ ಜಾತಿ, ಧರ್ಮ, ಲಿಂಗ, ಹುಟ್ಟಿದ ಊರು ನೋಡಿ ಯಾರನ್ನೂ ತಡೆಯುವಂತಿಲ್ಲ ಅಂತ ಅಲ್ಲಿ ಇದೆ. ದೇಶದ ದೊಡ್ಡ ಪುಸ್ತಕದಲ್ಲಿ ಹೋಟೆಲಿನ ಹೆಸರು ಯಾಕೆ ಬರೆದರು? ಊಟಕ್ಕೆ ಕೂರುವ ಜಾಗದಲ್ಲೇ ಮನುಷ್ಯನಿಗೆ ಅವಮಾನ ಆಗುತ್ತಿತ್ತು, ಅದು ಬರೆದವರಿಗೆ ಗೊತ್ತಿತ್ತು.

ಈಗ ಪಟ್ಟಣದ ಹೋಟೆಲಿನಲ್ಲಿ ಯಾರೂ ಬೇರೆ ಲೋಟ ಕೊಡುವುದಿಲ್ಲ. ನಿಜ. ಆದರೆ "ಯಾವೂರು? ಯಾರ ಪೈಕಿ? ಯಾವ ಬೀದಿ?" ಅನ್ನುವ ಮಾತು ನಿಂತಿಲ್ಲ. ಗಲ್ಲಾದಲ್ಲಿ ಕೂತ ಹಿರಿಯರಿಗೆ ಅದು ಪರಿಚಯದ ಮಾತು. ಉತ್ತರ ಹೇಳಬೇಕಾದ ಹುಡುಗನಿಗೆ ಮಾತ್ರ ಅನ್ನ ಗಂಟಲಲ್ಲಿ ನಿಲ್ಲುತ್ತೆ. ಪಿಜ್ಜಾ ಅಂಗಡಿಯಲ್ಲಿ ಕೇಳುವುದು ಎರಡೇ ಪ್ರಶ್ನೆ: "ವೆಜ್ಜಾ, ನಾನ್‌ವೆಜ್ಜಾ? ಸ್ಮಾಲಾ, ಮೀಡಿಯಮ್ಮಾ?" ಅವನಿಗೆ ಅದು ಎಷ್ಟು ಹಗುರ ಅನ್ನುವುದು ನಮಗೆ ಪೂರ್ತಿ ತಿಳಿಯಲಿಕ್ಕಿಲ್ಲ.

ಅದೇ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಗೆ ಪುಳಿಯೋಗರೆ ತಿನ್ನಲು ಎಲ್ಲರೂ ಹೋಗುತ್ತೇವೆ. ರಾಮಾನುಜಾಚಾರ್ಯರು ಅಲ್ಲಿ ದಲಿತರನ್ನು ತಿರುಕುಲದವರು ಅಂತ ಕರೆದು, ವರ್ಷದಲ್ಲಿ ಕೆಲವು ದಿನ ದೇವಸ್ಥಾನದೊಳಗೆ ಬಿಡಿಸಿದರು ಅನ್ನುವ ಕಥೆಯನ್ನು ಹೆಮ್ಮೆಯಿಂದ ಹೇಳುತ್ತೇವೆ. ಹೆಮ್ಮೆ ಇರಲಿ. ಅದರ ಜೊತೆಗೆ ನಮ್ಮೂರಿನ ಹೋಟೆಲಿನ ಬೆಂಚನ್ನೂ ಒಂದು ಸಲ ನೋಡಿಕೊಳ್ಳೋಣ.

ಬಸ್ಸು ಫ್ರೀ, ಕುರ್ಚಿ ಎಲ್ಲಿ?

2023 ನಮ್ಮ ಹೋಟೆಲುಗಳಿಗೆ ದೊಡ್ಡ ವರ್ಷ. ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. ಶ್ರೀರಂಗಪಟ್ಟಣದ ಒಳಗೆ ಬರುತ್ತಿದ್ದ ಕಾರುಗಳು ಬೈಪಾಸಿನಲ್ಲೇ ಹೊರಟು ಹೋದವು. ಹಳೆ ರಸ್ತೆ ಪಕ್ಕದ ಹೋಟೆಲು, ಕಬ್ಬಿನ ಹಾಲು, ಎಳನೀರಿನವರ ವ್ಯಾಪಾರಕ್ಕೆ ಪೆಟ್ಟು ಬಿತ್ತು.

ಮೂರು ತಿಂಗಳಿಗೆ, ಜೂನ್ 11ಕ್ಕೆ, ಶಕ್ತಿ ಯೋಜನೆ ಬಂತು. ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಅದೇ ವರ್ಷ ಗೃಹಲಕ್ಷ್ಮಿಯ 2,000 ರೂಪಾಯಿಯೂ ಶುರುವಾಯಿತು.

ಎರಡನ್ನೂ ಜೋಡಿಸಿ ನೋಡಿ. ಕಾರಿನ ಗಿರಾಕಿ ಹೋದ, ಬಸ್ಸಿನ ಗಿರಾಕಿ ಬಂದಳು. ಆಸ್ಪತ್ರೆಗೆ, ಬ್ಯಾಂಕಿಗೆ, ತಾಲ್ಲೂಕು ಆಫೀಸಿಗೆ, ಮಗಳ ಕಾಲೇಜಿಗೆ, ದೇವಸ್ಥಾನಕ್ಕೆ ಅಂತ ಒಬ್ಬಳೇ ಬರುತ್ತಾಳೆ. ಕೈಯಲ್ಲಿ ಸ್ವಲ್ಪ ದುಡ್ಡೂ ಇದೆ. ಹಸಿವೂ ಇದೆ. ಆದರೆ ನಮ್ಮ ಬಹುಪಾಲು ಹೋಟೆಲುಗಳು ಇನ್ನೂ ಗಂಡಸರಿಗಾಗಿಯೇ ಇವೆ. ಅವಳು ಬಸ್ ಸ್ಟ್ಯಾಂಡಿನ ಕಟ್ಟೆಯಲ್ಲಿ ಬಿಸ್ಕತ್ತು ತಿಂದು, ನೀರು ಕುಡಿಯದೆ ಕೂರುತ್ತಾಳೆ. ನೀರು ಯಾಕೆ ಕುಡಿಯಲ್ಲ ಅಂತ ಗಂಡಸರಿಗೆ ಬಿಡಿಸಿ ಹೇಳಬೇಕು: ಕುಡಿದರೆ ಬಾತ್‌ರೂಮಿಗೆ ಎಲ್ಲಿ ಹೋಗುವುದು?

ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸ್ ನೋಡಿ. ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲಿನ ಜಂಕ್ಷನ್. ಪಕ್ಕದ ಬಿ.ಜಿ. ನಗರದಲ್ಲಿ ಮೆಡಿಕಲ್ ಕಾಲೇಜು, ಆಸ್ಪತ್ರೆ. ಓದುವ ಹುಡುಗಿಯರು, ನರ್ಸುಗಳು, ರೋಗಿಯ ಜೊತೆ ಬಂದ ತಾಯಂದಿರು. ಇವರಿಗೆ ಬೇಕಾದ್ದು ಏನು? ಬಿಸಿ ಊಟ, ಅರ್ಧ ಗಂಟೆ ಕೂರುವ ಜಾಗ, ಚಿಲಕ ಇರುವ ಬಾತ್‌ರೂಮು. ಮೊದಲನೆಯದು ನಮ್ಮ ಹೋಟೆಲಿನವರ ಕೈಯಲ್ಲಿದೆ. ಉಳಿದ ಎರಡನ್ನು ಪಿಜ್ಜಾ ಅಂಗಡಿಯವರು ಕೊಟ್ಟು ಗಿರಾಕಿಯನ್ನು ಎಳೆದುಕೊಂಡರು.

ಪಿಜ್ಜಾ ಅಂಗಡಿಯೂ ದೇವಸ್ಥಾನವಲ್ಲ

ಪಿಜ್ಜಾ ಅಂಗಡಿಯನ್ನು ಹೊತ್ತು ಮೆರೆಸುವ ಆಸೆ ನನಗಿಲ್ಲ. ಜಾತಿ ಕೇಳದ ಜಾಗದಲ್ಲಿ ಜೇಬು ಕೇಳುತ್ತಾರೆ. ನಾನು ಕಂಡ ಅಂಗಡಿಗಳಲ್ಲಿ ಇಬ್ಬರು ತಿನ್ನುವ ಪಿಜ್ಜಾಕ್ಕೆ 200 ರೂಪಾಯಿ ಹತ್ತಿರ ಆಗುತ್ತೆ. ಕೂಲಿಗೆ ಹೋಗುವ ಹೆಂಗಸು ಅಷ್ಟು ಕೊಟ್ಟು ಕುರ್ಚಿ ಕೊಳ್ಳಬೇಕಾ? ಮೇಲಾಗಿ ಮೈದಾ, ಉಪ್ಪು, ಎಣ್ಣೆ. ಸಕ್ಕರೆ ಕಾಯಿಲೆ, ಬಿಪಿ ಮನೆ ಮನೆಯಲ್ಲಿರುವಾಗ ಅದನ್ನು ದಿನಾ ತಿನ್ನಿ ಅಂತ ಹೇಳಲು ಆಗುವುದಿಲ್ಲ. ಹೊಟ್ಟೆ ತುಂಬುವುದು ಮುದ್ದೆಯಿಂದಲೇ.

ಅದಕ್ಕೇ ನನ್ನ ವಾದ: ಪಿಜ್ಜಾ ಬೇಡ ಅಂತ ಮಕ್ಕಳನ್ನು ಬೈಯುವ ಮುಂಚೆ, ಮುದ್ದೆ ಹೋಟೆಲಿಗೆ ಅವರು ಬರುವ ಹಾಗೆ ಮಾಡಬೇಕು. "ಈಗಿನ ಹುಡುಗಿಯರಿಗೆ ಮುದ್ದೆ ಸೇರಲ್ಲ" ಅಂತ ಹೇಳುವವರು ಬಹಳ. ಅವರು ಕೂತು ಉಣ್ಣುವ ಹಾಗೆ ನಾವು ಒಂದು ಮೇಜಾದರೂ ಹಾಕಿದ್ದೇವಾ?

"ಫ್ಯಾಮಿಲಿ ರೂಮ್ ಇದೆಯಲ್ಲಪ್ಪ" ಅಂತಾರೆ ಕೆಲವರು. ಇದೆ. ಹಿಂದೆ, ಸ್ಟೋರ್ ರೂಮಿನ ಪಕ್ಕ, ಪರದೆ ಎಳೆದು, ಫ್ಯಾನ್ ಇಲ್ಲದೆ. ಹೆಂಗಸರನ್ನು ಬಚ್ಚಿಡುವ ಜಾಗ ಅದು. ಒಬ್ಬಳೇ ಬಂದರೆ ಅಲ್ಲಿಗೆ ಹೋಗಲು ಇನ್ನೂ ಭಯ. ನಾಲ್ಕು ಜನರ ಕಣ್ಣೆದುರು, ಬೆಳಕಿನಲ್ಲಿ, ಎಲ್ಲರ ಹಾಗೆ ಕೂರುವುದೇ ಅವಳಿಗೆ ನೆಮ್ಮದಿ.

"ಜಾಗ ಇಲ್ಲ, ಬಾಡಿಗೆ ಜಾಸ್ತಿ" ಅನ್ನುವುದು ನಿಜವಾದ ಕಷ್ಟ. ಮಧ್ಯಾಹ್ನದ ಎರಡು ಗಂಟೆಯಲ್ಲಿ ವ್ಯಾಪಾರ ಮುಗಿಯಬೇಕು, ಒಬ್ಬ ಎದ್ದರೆ ಇನ್ನೊಬ್ಬ ಕೂರಬೇಕು. ಒಲೆ ಮುಂದೆ ಬೇಯುವವರ ಪಾಡು ಗೊತ್ತು. ಆದರೂ ಮಾಡಬಹುದಾದ ಕೆಲಸ ಇವೆ:

• ಬಾಗಿಲ ಹತ್ತಿರ, ಫ್ಯಾನ್ ಕೆಳಗೆ, ಎರಡು ಸಣ್ಣ ಮೇಜು ಬೇರೆಯಾಗಿ ಹಾಕಿ. ಹೆಂಗಸರು, ಮಕ್ಕಳು, ವಯಸ್ಸಾದವರು ಬಂದರೆ ಮೊದಲು ಅವರಿಗೆ ಕೊಡಿ.

• ಒಂದು ಬಾತ್‌ರೂಮು. ಚಿಲಕ, ನೀರು, ಬಲ್ಬು. ಬೀಗದ ಕೈ ಗಲ್ಲಾದಲ್ಲಿ ಇಟ್ಟುಕೊಂಡು ಕೇಳಿದವರಿಗೆ ಕೊಡುವ ಪದ್ಧತಿ ಬಿಡಿ. ಕೇಳಲು ನಾಚಿಕೆ ಆಗುತ್ತೆ.

• ರೇಟ್ ಬೋರ್ಡು ಗೋಡೆ ಮೇಲೆ, ಕನ್ನಡದಲ್ಲಿ. ಒಬ್ಬಳೇ ಬಂದವಳಿಗೆ ಬಿಲ್ ಎಷ್ಟಾಗುತ್ತೋ ಅನ್ನುವ ಭಯವೇ ದೊಡ್ಡದು.

• ಅರ್ಧ ಊಟ ಕೊಡಿ. ಒಂದು ಮುದ್ದೆ, ಒಂದು ಬಟ್ಟಲು ಬಸ್ಸಾರು. ಎಲ್ಲರೂ ಎರಡು ಮುದ್ದೆ ಉಣ್ಣಲ್ಲ.

• "ಯಾರ ಪೈಕಿ" ಅಂತ ಕೇಳುವುದನ್ನು ನಿಲ್ಲಿಸಿ. "ಇನ್ನೇನು ಬೇಕು" ಅಂತ ಕೇಳಿ.

ಪುರಸಭೆಯವರಿಗೂ ಒಂದು ಮಾತು. ಹೋಟೆಲಿಗೆ ಲೈಸೆನ್ಸ್ ಕೊಡುವಾಗ, ರಿನ್ಯೂ ಮಾಡುವಾಗ, ಬಾತ್‌ರೂಮು ಇದೆಯಾ ಅಂತ ಕಾಗದದಲ್ಲಿ ನೋಡಬೇಡಿ, ಕಾಲಿಟ್ಟು ನೋಡಿ. ಇಂದಿರಾ ಕ್ಯಾಂಟೀನ್ ಇರುವ ಕಡೆ ನಿಂತು ತಿನ್ನುವುದರ ಜೊತೆಗೆ ವಯಸ್ಸಾದವರು, ಮಗು ಎತ್ತಿಕೊಂಡವರು ಕೂರಲು ನಾಲ್ಕು ಕಲ್ಲು ಬೆಂಚು ಹಾಕಿಸಿ. ಅಗ್ಗದ ಊಟ, ಯಾರನ್ನೂ ಏನೂ ಕೇಳದ ಸಾಲು, ಎರಡೂ ಅಲ್ಲಿ ಆಗಲೇ ಇವೆ. ಬೆಂಚು ಬಂದರೆ ಪಿಜ್ಜಾ ಅಂಗಡಿಗಿಂತ ದೊಡ್ಡ ಜಾಗ ಅದು.

ಗಂಡಸರಾದ ನಾವೂ ಬದಲಾಗಬೇಕು. ಒಬ್ಬ ಹೆಂಗಸು ಹೋಟೆಲಿಗೆ ಬಂದು ಕೂತರೆ ಎಲ್ಲರ ಕತ್ತು ಒಟ್ಟಿಗೆ ತಿರುಗುತ್ತಲ್ಲ, ಅವ್ವ ಬಾಗಿಲಲ್ಲೇ ನಿಂತಿದ್ದು ಅದಕ್ಕೇ. ಬೆಂಚು, ಬಾತ್‌ರೂಮಿಗೆ ದುಡ್ಡು ಬೇಕು. ಕತ್ತು ತಿರುಗಿಸದೆ ಇರುವುದಕ್ಕೆ ಒಂದು ಪೈಸೆಯೂ ಬೇಡ.

ಮುಂದಿನ ಸಲ ಪೇಟೆಗೆ ಹೋದಾಗ ನಿಮಗೆ ಇಷ್ಟವಾದ ಮುದ್ದೆ ಹೋಟೆಲಿಗೆ ಒಬ್ಬರೇ ಹೋಗಬೇಡಿ. ಅವ್ವನನ್ನೋ ಅಕ್ಕನನ್ನೋ ಹೆಂಡತಿಯನ್ನೋ ಕರೆದುಕೊಂಡು ಹೋಗಿ. ಪಕ್ಕದಲ್ಲೇ ಕೂರಿಸಿ. ಅವರು ನೀರು ಕೇಳಿ ಕುಡಿದು, ಹೊಟ್ಟೆ ತುಂಬಾ ಉಂಡು, ಬಾತ್‌ರೂಮಿಗೆ ಹೋಗಿ ಬಂದು, "ಇನ್ನೊಂದ್ಸಾರಿ ಇಲ್ಲಿಗೇ ಬರಾನ" ಅಂದರೆ, ಅದು ಒಳ್ಳೆ ಹೋಟೆಲು. ಅನ್ನದಿದ್ದರೆ, ಸಾರು ಎಷ್ಟೇ ಚೆನ್ನಾಗಿರಲಿ, ಗಲ್ಲಾದಲ್ಲಿ ಇರುವವರಿಗೆ ಯಾಕೆ ಅಂತ ನಿಧಾನವಾಗಿ ಹೇಳಿ ಬನ್ನಿ.